ಎರಡು ಬಿದಿರು, ಒಂದು ಮಡಕೆ

ಬೆಣ್ಣೆಕೊಪ್ಪದ ಹುಚ್ಚರಾಯಪ್ಪ ತನ್ನ ಜೀವಮಾನದಲ್ಲಿ ಸಭೆಯೊಂದರಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ್ದು ಒಂದೇ ಸಲ. ಕೇಳಿದ್ದು ತಪ್ಪಲ್ಲ. ಕೇಳಿದ ಮೇಲೆ ಉತ್ತರದ ಕಡೆ ಕಿವಿ ಕೊಡದೆ ಕುಳಿತದ್ದು ತಪ್ಪು. ಏಪ್ರಿಲ್ ತಿಂಗಳ ಒಂದು ಶುಕ್ರವಾರ, ಆನವಟ್ಟಿ ಸುತ್ತಿನ ಮುದುಕ ಮುದುಕಿಯರೆಲ್ಲ ನಡುಮಧ್ಯಾಹ್ನ ಬಿಸಿಲಿಗೆ ಬಿದ್ದದ್ದಕ್ಕೆ ಮೂಲ ಕಾರಣ ಅದು.

ಸಭೆ ನಡೆದದ್ದು ಪಂಚಾಯ್ತಿ ಕಟ್ಟಡದಲ್ಲಿ. ವಿಷಯ, ಬೇಸಿಗೆಯಲ್ಲಿ ವಯಸ್ಸಾದವರ ಆರೈಕೆ. ಬಂದವರಲ್ಲಿ ಹೆಚ್ಚಿನವರಿಗೆ ವಿಷಯದ ಮೇಲೇ ನಂಬಿಕೆ ಇರಲಿಲ್ಲ. ಬಿಸಿಲು ಎಂದರೆ ಅದು ರಾಯಚೂರು, ಕಲಬುರಗಿ ಕಡೆಯವರ ಸೊತ್ತು. ನಮ್ಮದು ಮಲೆನಾಡಿನ ಸೆರಗು, ಗುಡವಿ ಕೆರೆಗೆ ಹಕ್ಕಿಗಳೇ ಹುಡುಕಿಕೊಂಡು ಬರುವ ಸೀಮೆ ಎಂಬುದು ಊರಿನ ನಿಲುವು. ಆ ನಿಲುವಿಗೂ ಆ ವಾರದ ಹವೆಗೂ ತಾಳೆ ಇರಲಿಲ್ಲ. ಫೋನಿನಲ್ಲಿ ಮೂವತ್ತೊಂಬತ್ತು ಡಿಗ್ರಿ ಎಂದು ತೋರಿಸುತ್ತಿತ್ತು. ಊರಿನವರು ಫೋನು ಕೆಟ್ಟಿದೆ ಎಂದುಕೊಂಡಿದ್ದರು.

ವೈದ್ಯಾಧಿಕಾರಿ, ಕನ್ನಡಕದ ಹೆಣ್ಣುಮಗಳು, ನಿಧಾನವಾಗಿ ಹೇಳುತ್ತಿದ್ದರು: ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ; ಮಧ್ಯಾಹ್ನ ಅವರನ್ನು ಹೊರಗೆ ಬಿಡಬೇಡಿ; ನೆರಳು ಮಾಡಿ, ಒದ್ದೆ ಬಟ್ಟೆ ಬಳಸಿ. ಆಗ ಹುಚ್ಚರಾಯಪ್ಪ ಎದ್ದ.

"ಮೇಡಂ, ಹೊರಗಿನ ಗಾಳಿನೇ ಕಾದಿರುವಾಗ ಫ್ಯಾನ್ ಹಾಕಿದ್ರೆ ಕಾದ ಗಾಳಿನೇ ಅಲ್ವಾ ಮೈಗೆ ಬೀಸೋದು?"

"ಒಳ್ಳೆಯ ಪ್ರಶ್ನೆ," ಎಂದರು ವೈದ್ಯಾಧಿಕಾರಿ.

ಸಭೆ ತಿರುಗಿ ನೋಡಿತು. ಜೋಳ ಬೆಳೆದು, ಎಮ್ಮೆ ಕಟ್ಟಿ, ಐವತ್ತೈದು ವರ್ಷ ಯಾರ ಕಣ್ಣಿಗೂ ಬೀಳದೆ ಬದುಕಿದ್ದ ಮನುಷ್ಯ ಹುಚ್ಚರಾಯಪ್ಪ. ಕುಳಿತುಕೊಂಡು ಹೆಗಲ ಟವೆಲ್ಲನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾಕಿಕೊಂಡ. ವೈದ್ಯಾಧಿಕಾರಿ ಅನಂತರ ಬಹಳ ಹೊತ್ತು ಮಾತನಾಡಿದರು. ಅದರಲ್ಲಿ ಒಂದಕ್ಷರವೂ ಆತನ ಕಿವಿಗೆ ಇಳಿಯಲಿಲ್ಲ. ಇನ್ನೂ ಯಾರು ಯಾರು ತನ್ನನ್ನು ನೋಡುತ್ತಿದ್ದಾರೆ ಎಂದು ಗಮನಿಸುವುದರಲ್ಲಿ ಸಭೆ ಮುಗಿದೇ ಹೋಯಿತು.

ಆತ ಸಭೆಗೆ ಹೋದದ್ದು ಚಹಾ ಬಿಸ್ಕತ್ತಿಗಲ್ಲ ಎಂಬುದನ್ನೂ ಹೇಳಬೇಕು. ಹಿಂದಿನ ವಾರ ಆತನ ತಾಯಿ ಗುತ್ಯಮ್ಮ ಜಗುಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಕರೆದರೆ ಮಾತಿಲ್ಲ. ಆಮೇಲೆ ಕಣ್ಣು ಬಿಟ್ಟು, "ಏನಾಗಿಲ್ಲ ಕಣೋ, ಕಣ್ಣು ಕತ್ಲೆ ಬಂತು ಅಷ್ಟೆ," ಎಂದು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದ್ದಳು. ಗುತ್ಯಮ್ಮನಿಗೆ ಎಂಬತ್ತು ದಾಟಿದೆ. ಕರೆದರೆ ಮಾತಿಲ್ಲದ ಆ ಒಂದು ಗಳಿಗೆ ಮಗನ ಎದೆಯೊಳಗೆ ಹೊಕ್ಕು ಕೂತುಬಿಟ್ಟಿತ್ತು. ಇನ್ನೊಂದು ಸಲ ಹಾಗೆ ಕಣ್ಣು ಮುಚ್ಚಿದರೆ ಅವಳು ಮತ್ತೆ ತೆರೆಯದೇ ಇರಬಹುದು ಎಂಬುದಷ್ಟೇ ಆತನಿಗೆ ಖಚಿತವಾಗಿ ಗೊತ್ತಿದ್ದ ಸಂಗತಿ.

ಹಾಗಾಗಿ ಭಯ ಮತ್ತು ಕೀರ್ತಿ ಎರಡೂ ಒಟ್ಟಿಗೆ ಸೇರಿ ಮನೆಯಲ್ಲಿ ಆಡಳಿತ ಶುರುವಾಯಿತು. ತಾಯಿಯ ಹಾಸಿಗೆ ಹೆಂಚು ಕಾಯುವ ಕೋಣೆಯಿಂದ ನಡುಮನೆಗೆ ಬಂತು. ಬೆಳಗ್ಗೆ ಬಿಸಿಲೇರುವ ಮೊದಲೇ ಕಿಟಕಿಗೆ ಗೋಣಿ ತಾಟು. ಹೊತ್ತು ಹೊತ್ತಿಗೆ ಒಂದು ಚೊಂಬು ನೀರು.

"ಅವ್ವ, ಕುಡಿ."

"ಅಲ್ಲಿಡು. ಕುಡೀತೀನಿ."

ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದರೆ ಚೊಂಬು ಖಾಲಿ. ಹುಚ್ಚರಾಯಪ್ಪನಿಗೆ ಸಮಾಧಾನ. ಈ ಉಪಚಾರ ಗಿಡಮರಗಳಿಗೂ ತಾಗುತ್ತದೆ ಎಂಬುದನ್ನು ಆತ ಕಂಡುಹಿಡಿದದ್ದು ಅದೇ ವಾರ. ಊರಿನವರ ಹಿತ್ತಲಲ್ಲಿ ಸೊಪ್ಪು ಸದೆಯೆಲ್ಲ ಒಣಗಿ ದರಗಾಗಿದ್ದರೆ, ಗುತ್ಯಮ್ಮನ ಕಿಟಕಿಯ ಹೊರಗಿನ ಬಸಳೆ ಮಾತ್ರ ಮಳೆಗಾಲದಂತೆ ಚಿಗುರಿ, ಸರಳು ಹಿಡಿದು ಮೇಲೇರುತ್ತಿತ್ತು. "ಮನೆ ತಂಪಾದ್ರೆ ಗೋಡೆ ತಂಪು, ಗೋಡೆ ತಂಪಾದ್ರೆ ಗಿಡ ತಂಪು," ಎಂದು ಆತ ನೆರೆಯವರಿಗೆ ವಿವರಿಸಿದ. ಪ್ರಶ್ನೆ ಕೇಳಿದ ಮನುಷ್ಯ ಹೇಳಿದ ಮೇಲೆ ಇರಬಹುದು ಎಂದು ಅವರೂ ಒಪ್ಪಿದರು.

ಶುಕ್ರವಾರ ಬೆಳಗ್ಗೆ ಆತ ಜಗುಲಿಯ ಮುಂದೆ ಒಂದು ಚಪ್ಪರ ಹಾಕಲು ನಿರ್ಧರಿಸಿದ. ಕಂಬಕ್ಕೆ ಅಡಿಕೆ ದಬ್ಬೆ, ಮೇಲೆ ಹೊದಿಸಲು ತೆಂಗಿನ ಗರಿ ಮನೆಯಲ್ಲೇ ಇದ್ದವು. ಅಡ್ಡಕ್ಕೆ ಎರಡು ಬಿದಿರು ಬೇಕಿತ್ತು. ಕಟ್ಟಲು ಹಗ್ಗ ಬೇಕಿತ್ತು. ಫ್ರಿಜ್ಜಿನ ನೀರು ಗಂಟಲಿಗೆ ಆಗದು ಎಂದು ತಾಯಿ ತಕರಾರು ತೆಗೆದಿದ್ದರಿಂದ ಒಂದು ಹೊಸ ಮಡಕೆ. ಒದ್ದೆ ಮಾಡಿ ಹೊದಿಸಲು ತೆಳುವಾದ ಬಿಳಿ ಬಟ್ಟೆ ಒಂದಷ್ಟು. ಲೆಕ್ಕಕ್ಕೆ ಸರಿಯಾದ ಸಾಮಾನುಗಳು. ಒಂದೊಂದಾಗಿ ನೋಡಿದರೆ ಯಾವುದರ ಮೇಲೂ ದೋಷ ಹೊರಿಸಲು ಬರುವುದಿಲ್ಲ.

ಆನವಟ್ಟಿಯಲ್ಲಿ ಬಿದಿರು, ಚಾಪೆ, ಮೊರ, ಮಡಕೆ ಮಾರುವವನು ಗೋಪಾಲಪ್ಪ. ಅವನ ಅಂಗಡಿಗೆ ಹುಚ್ಚರಾಯಪ್ಪ ಬಂದಾಗ ತಲೆಯ ಮೇಲೆ ಒದ್ದೆ ಟವೆಲ್ ಹೊದ್ದಿದ್ದ, ಬಿಸಿಲಿಗಾಗಿ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಹಣೆಯ ಬೆವರು ಇಳಿದು.

"ಏನ್ ಬೇಕಿತ್ತು ಹುಚ್ರಾಯಣ್ಣ?"

"ಎರಡು ಹಸಿ ಬಿದಿರು."

"ಎಷ್ಟುದ್ದ?"

ಹುಚ್ಚರಾಯಪ್ಪ ಅಳತೆ ತಂದಿರಲಿಲ್ಲ. "ಅವ್ವ ಕಾಲು ಚಾಚಿ ಮಲಗಿದ್ರೂ ಆಚೆ ಈಚೆ ಒಂದಿಷ್ಟು ಉಳೀಬೇಕು. ಅಷ್ಟು."

ಬಿದಿರು ಎಳೆಯುತ್ತಿದ್ದ ಗೋಪಾಲಪ್ಪನ ಕೈ ನಿಂತಿತು. "ಅವ್ವಂಗಾ?"

"ಮತ್ತಿನ್ಯಾರಿಗೆ ಮಾರಾಯ."

"ವಯಸ್ಸೂ ಆಗಿತ್ತು ಬಿಡಿ."

"ಎಂಬತ್ತರ ಮೇಲೆ. ಈ ಬಿಸಿಲು ತಡ್ಕಳೋ ವಯಸ್ಸಾ ಅದು?"

"ಯಾವಾಗ?"

"ಇವತ್ತೇ ಮುಗಿಸ್ಬೇಕು. ಈ ಸೆಕೆಲಿ ನಾಳೆಗೆ ಇಡೋ ಹಂಗಿಲ್ಲ. ಹಗ್ಗ ಕೊಡು, ಒಂದು ಮಡಕೆನೂ ಕೊಡು."

ಆಗ ಹೆಂಡತಿ ಹನುಮಮ್ಮನ ಫೋನು ಬಂತು. ಶುಕ್ರವಾರದ ಪೂಜೆಗೆ ಮನೆಯಲ್ಲಿ ಏನೂ ಇಲ್ಲವಂತೆ. ಹುಚ್ಚರಾಯಪ್ಪ ಫೋನು ಜೇಬಿಗಿಟ್ಟು ನಿಟ್ಟುಸಿರು ಬಿಟ್ಟ. "ಊದುಬತ್ತಿ, ಕರ್ಪೂರನೂ ಬೇಕಂತೆ."

ಇಷ್ಟಾದರೂ ಗೋಪಾಲಪ್ಪನಿಗೆ ಒಂದಿಷ್ಟು ಅನುಮಾನ ಉಳಿದಿತ್ತು. ಅದನ್ನು ಹುಚ್ಚರಾಯಪ್ಪನೇ ಬಗೆಹರಿಸಿದ. ಗೋಪಾಲಪ್ಪ ಬೆಲೆ ಹೇಳಿದ, ಹುಚ್ಚರಾಯಪ್ಪ ತಲೆಯಾಡಿಸಿದ. ಒಂದು ಪೊರಕೆ ಕೊಳ್ಳಲು ಮೂರು ಅಂಗಡಿ ಹತ್ತಿಳಿದು, ನಾಲ್ಕು ಸಲ ಹೋಗಿ ಬಂದಂತೆ ಮಾಡುವವನು ಎಂದು ಇಡೀ ಪೇಟೆಗೆ ಹೆಸರಾದ ಮನುಷ್ಯ ಚೌಕಾಸಿ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಆ ಸೆಕೆಯಲ್ಲಿ ಬಾಯಿ ಬಿಡಲು ಅವನಿಗೆ ತ್ರಾಣ ಇರಲಿಲ್ಲ. ಆದರೆ ಸಾವಿನ ಸಾಮಾನಿಗೆ ಚೌಕಾಸಿ ಮಾಡಬಾರದು ಎಂಬುದು ಈ ಸೀಮೆಯ ಚಿಕ್ಕ ಮಕ್ಕಳಿಗೂ ಗೊತ್ತು. ಗೋಪಾಲಪ್ಪ ಅರ್ಧ ಬಾಗಿಲು ಎಳೆದ.

"ದುಡ್ಡು ಇವತ್ತು ಬೇಡಣ್ಣ. ಆಮೇಲೆ ನೋಡನ. ಗಾಡಿ ನಾನು ಮಾಡಿಕೊಡ್ತೀನಿ."

ಸಭೆಯ ಪ್ರಶ್ನೆ ಆನವಟ್ಟಿಯವರೆಗೂ ಮುಟ್ಟಿದೆ ಎಂದು ಹುಚ್ಚರಾಯಪ್ಪನಿಗೆ ಆಗ ಖಾತ್ರಿಯಾಯಿತು.

ಬಿಳಿ ಬಟ್ಟೆ, ಊದುಬತ್ತಿ, ಕರ್ಪೂರವನ್ನು ಪಕ್ಕದ ಅಂಗಡಿಗಳಲ್ಲಿ ಕೊಂಡು ಆತ ಗಾಡಿ ಹತ್ತಿದ. ಲಗೇಜ್ ಆಟೊದ ಚಾಲಕ ಹಾಡು ಹಾಕಲಿಲ್ಲ, ಹಾರನ್ ಬಾರಿಸಲಿಲ್ಲ, ಮೆಲ್ಲಗೆ ಓಡಿಸಿದ. ಹಿಂದೆ ಎರಡು ಹಸಿ ಬಿದಿರು, ಮುಂದೆ ಮಡಕೆ ತೊಡೆಯ ಮೇಲಿಟ್ಟುಕೊಂಡು ತಲೆಗೆ ಬಟ್ಟೆ ಹೊದ್ದ ಹುಚ್ಚರಾಯಪ್ಪ. ದಾರಿಯುದ್ದಕ್ಕೂ ಜನ ಎದ್ದು ನಿಂತರು. ಚಹಾದಂಗಡಿಯ ಬೆಂಚಿನ ಮೇಲಿದ್ದವರು ಗ್ಲಾಸು ಕೆಳಗಿಟ್ಟರು. ಅರಳಿಕಟ್ಟೆಯಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ವರು ಮುದುಕರು ಎಲೆ ಮುಚ್ಚಿಟ್ಟು ಕೈ ಮುಗಿದರು. ಸಾಮಾನ್ಯ ಮನುಷ್ಯನಿಗೆ ಇಷ್ಟು ಮರ್ಯಾದೆ ಸಿಕ್ಕರೆ ಸಂಶಯ ಬರಬೇಕು. ಹುಚ್ಚರಾಯಪ್ಪನಿಗೆ ಕರ್ತವ್ಯ ನೆನಪಾಯಿತು. ಆಟೊ ನಿಲ್ಲಿಸಿ, ಮಡಕೆ ಹಿಡಿದುಕೊಂಡೇ ಕಟ್ಟೆಯವರಿಗೆ ಹೇಳಿದ:

"ನೀವ್ಯಾರೂ ಮಧ್ಯಾಹ್ನ ಹೊರಗೆ ಬರಬ್ಯಾಡ್ರಿ. ಬಿಸಿಲು ಜೋರದೆ. ವಯಸ್ಸಾದೋರು ಮನೇಲೇ ಇರ್ರಿ."

ನಾಲ್ವರಿಗೂ ಕಣ್ಣು ತುಂಬಿತು. "ಇಂಥ ಹೊತ್ತಲ್ಲೂ ನಮ್ಮ ಚಿಂತೆ ಮಾಡ್ತಾನಲ್ಲ. ಹೋಗದೇ ಇದ್ರೆ ನಾವು ಮನುಷ್ಯರಾ?" ಎಂದು ಒಬ್ಬ ಇಸ್ಪೀಟಿನ ಎಲೆಗಳನ್ನು ಜೇಬಿಗೆ ಹಾಕಿಕೊಂಡು ಚಪ್ಪಲಿ ಹುಡುಕಿದ.

ಅಷ್ಟರಲ್ಲಿ ಗೋಪಾಲಪ್ಪ ಬೆಣ್ಣೆಕೊಪ್ಪದ ಪಂಚಾಯ್ತಿ ಮೆಂಬರ್ ಮಲ್ಲಿಕಾರ್ಜುನಪ್ಪನಿಗೆ ಫೋನು ಮಾಡಿದ್ದ. ಮಲ್ಲಿಕಾರ್ಜುನಪ್ಪ ಸುದ್ದಿಯನ್ನು ತಡಮಾಡುವವನಲ್ಲ. 'ನಮ್ಮೂರಿನ ಹಿರಿಯ ಜೀವ ಗುತ್ಯಮ್ಮನವರು ಬಿಸಿಲಿನ ತಾಪಕ್ಕೆ ನಿಧನ. ಅಂತ್ಯಕ್ರಿಯೆ ಇಂದೇ' ಎಂದು ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದ. ಗುತ್ಯಮ್ಮನ ಫೋಟೊ ಅವನ ಬಳಿ ಇರಲಿಲ್ಲವಾದ್ದರಿಂದ ತಾನು ಕೈ ಮುಗಿದು ನಿಂತ ಫೋಟೊವನ್ನೇ ಜೊತೆಗೆ ಹಾಕಿದ. ಅವಸರದಲ್ಲಿ ನೋಡಿದ ಕೆಲವರು ಸತ್ತವನು ಮಲ್ಲಿಕಾರ್ಜುನಪ್ಪನೇ ಎಂದುಕೊಂಡು ಅವನಿಗೇ ಫೋನು ಮಾಡಿ, ಅವನು ಎತ್ತಿದಾಗ ನಿರಾಶೆಗೊಂಡರು.

ಮನೆ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಚಾಲಕ ಬಿದಿರು, ಹಗ್ಗ, ಮಡಕೆ ಅಂಗಳದಲ್ಲಿ ಇಳಿಸಿ, ಬಾಡಿಗೆ ಕೇಳದೆ, ತಿರುಗಿ ನೋಡದೆ ಹೋದ. ಚಪ್ಪರ ಸಂಜೆಗಾಗಲಿ, ಮೊದಲು ಅವ್ವನಿಗೆ ತಂಪು ಮಾಡಬೇಕು ಎಂದು ಹುಚ್ಚರಾಯಪ್ಪ ಬಿಳಿ ಬಟ್ಟೆಯನ್ನು ಅದ್ದಿ ಹಿಂಡಿ ಒಳಗೆ ಒಯ್ದ.

"ಅವ್ವ, ಹಾಸಿಗೆ ಬ್ಯಾಡ. ನೆಲದ ಮ್ಯಾಲೆ ಮಲಕ್ಕ. ನೆಲ ತಂಪಿರ್ತದೆ."

"ನೆಲದ ಮ್ಯಾಲೆ ಎಂತಕ್ಕೋ? ಇನ್ನೂ ಟೈಮ್ ಐತೆ ನಂಗೆ."

"ಡಾಕ್ಟ್ರು ಹೇಳಿದಾರೆ."

ಡಾಕ್ಟರು ನೆಲದ ವಿಷಯ ಹೇಳಿರಲಿಲ್ಲ. ಆದರೂ ಗುತ್ಯಮ್ಮ ಗೊಣಗುತ್ತ ಮಲಗಿದಳು. ಮಗ ಕತ್ತಿನವರೆಗೆ ಒದ್ದೆ ಬಟ್ಟೆ ಹೊದಿಸಿದ, ಹಣೆಗೆ ಇನ್ನೊಂದು ಚೂರು ಇಟ್ಟ. ಕೆಂಪು ಗಾರೆಯ ನೆಲ ನಿಜಕ್ಕೂ ತಂಪಾಗಿತ್ತು. ಹಿಂದಿನ ದಿನಗಳಲ್ಲಿ ನಿದ್ದೆ ಕಾಣದ ಮುದುಕಿ ಹಾಗೇ ಕಣ್ಣು ಮುಚ್ಚಿದಳು. ಹುಚ್ಚರಾಯಪ್ಪನ ಉಪಾಯಗಳಲ್ಲಿ ಕೆಲಸ ಮಾಡಿದ್ದು ಇದೊಂದೇ, ಮತ್ತು ಅದು ಕೆಲಸ ಮಾಡಿದ್ದೇ ತೊಂದರೆಯಾಯಿತು. ಹನುಮಮ್ಮ ಬಂದು, ನಡುಮನೆಯ ದೇವರ ಗೂಡಿಗೆ ದೀಪ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಅಂಗಳಕ್ಕೆ ಹೋದಳು. ಹೋದವಳು ಅಲ್ಲೇ ನಿಂತಳು.

"ರೀ," ಎಂದಳು. "ಯಾರು ಹೋದ್ರು?"

"ಯಾರೂ ಹೋಗಿಲ್ವಲ್ಲ."

"ಮತ್ತೆ ಇದೇನಿದು ಬಾಗಿಲ ಮುಂದೆ?"

ಹುಚ್ಚರಾಯಪ್ಪ ಹೊಸಿಲಿಗೆ ಬಂದು ನೋಡಿದ. ಎರಡು ಹಸಿ ಬಿದಿರು, ಪಕ್ಕದಲ್ಲಿ ಹಗ್ಗ, ಅದರ ಪಕ್ಕ ಮಡಕೆ. ಒಳಗೆ ಊದುಬತ್ತಿಯ ವಾಸನೆ. ಆ ಸಾಮಾನುಗಳನ್ನು ಆತ ಒಟ್ಟಿಗೆ ನೋಡಿದ್ದು ಅದೇ ಮೊದಲು. ಗೋಪಾಲಪ್ಪನ ಅರ್ಧ ಮುಚ್ಚಿದ ಬಾಗಿಲು, ಚಾಲಕನ ಮೌನ, ಕಟ್ಟೆಯವರ ಕಣ್ಣೀರು ಒಂದೊಂದಾಗಿ ಹಿಂದಿರುಗಿ ಬಂದವು. ಅವುಗಳ ಹಿಂದೆಯೇ ಸೇವಂತಿಗೆ ಹಾರ ಹಿಡಿದುಕೊಂಡು ಮಲ್ಲಿಕಾರ್ಜುನಪ್ಪನೂ ಬಂದ.

"ಧೈರ್ಯ ತಗಳಪ್ಪ," ಎಂದು ಹುಚ್ಚರಾಯಪ್ಪನ ಭುಜ ತಟ್ಟಿ, ಅವನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೋಗಿ, ಬಾಗಿ ಹಾರ ಹಾಕಿದ.

ಗುತ್ಯಮ್ಮ ಕಣ್ಣು ಬಿಟ್ಟಳು. ಹಾರ ನೋಡಿದಳು. ಮೆಂಬರನ್ನು ನೋಡಿದಳು.

"ಮಲ್ಲಿಕಾರ್ಜುನನಾ? ಎಲೆಕ್ಷನ್ ಬಂತನೋ?"

ಮಲ್ಲಿಕಾರ್ಜುನಪ್ಪ ಎರಡು ಅವಧಿಗೆ ಗೆದ್ದವನು. ಎಂಥ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿದ್ದವನು. ಅವನು ನೆಲದ ಮೇಲೆ ಕುಳಿತುಬಿಟ್ಟ. ಹನುಮಮ್ಮ ಅವನ ಮುಖಕ್ಕೆ ನೀರು ಚಿಮುಕಿಸಿದಳು. ಮಾತು ಬಂದ ಮೇಲೆ ಅವನು ಹೇಳಿದ್ದು, "ಗ್ರೂಪಿಗೆ ಹಾಕಿಬಿಟ್ಟಿದೀನಲ್ಲ."

'ಗುತ್ಯಮ್ಮನವರು ಕ್ಷೇಮ. ಹಿಂದಿನ ಸುದ್ದಿ ತಪ್ಪು' ಎಂದು ಅವನು ತಿದ್ದುಪಡಿ ಹಾಕಿದ. ಅದರ ಕೆಳಗೂ ಜನ ಓಂ ಶಾಂತಿ ಎಂದು ಬರೆದರು. ಗುಂಪಿನಲ್ಲಿ ಯಾರೂ ಪೂರ್ತಿ ಓದುವುದಿಲ್ಲ ಎಂಬುದು ಅವನಿಗೆ ಮೊದಲ ಸಲ ಬೇಸರ ತಂದಿತು.

ಇಲ್ಲಿಯವರೆಗೆ ಇದು ನಗುವ ಮಾತು. ಹುಚ್ಚರಾಯಪ್ಪನಿಗೂ ನಗು ಬರುವುದರಲ್ಲಿತ್ತು. ಆಗ ಆತ ರಸ್ತೆಯ ಕಡೆ ನೋಡಿದ.

ಗುತ್ಯಮ್ಮನ ಬಳಗ, ಗೆಳತಿಯರು ಎಂದರೆ ಗುತ್ಯಮ್ಮನ ವಯಸ್ಸಿನವರು. ಅವರೆಲ್ಲ ಬರುತ್ತಿದ್ದರು. ಡಾಂಬರಿನ ಮೇಲೆ ಕಾವು ನೀರಿನಂತೆ ಅಲುಗುತ್ತಿತ್ತು. ಅದರೊಳಗಿಂದ ಸೆರಗು ತಲೆಗೆಳೆದುಕೊಂಡ ಮುದುಕಿಯರು, ಕೋಲೂರುವ ಮುದುಕರು, ಬಸ್ ಸ್ಟಾಪಿನಿಂದ ಇಬ್ಬಿಬ್ಬರಾಗಿ, ಮೂವರಾಗಿ. ಇಸ್ಪೀಟಿನ ನಾಲ್ವರೂ ಇದ್ದರು. ಯಾರನ್ನು ಮಧ್ಯಾಹ್ನ ಹೊರಗೆ ಬಿಡಬೇಡಿ ಎಂದು ವೈದ್ಯಾಧಿಕಾರಿ ಹೇಳಿದ್ದರೋ, ಸರಿಯಾಗಿ ಅವರನ್ನೇ ಆರಿಸಿ ಕರೆದಂತೆ, ಸರಿಯಾಗಿ ಅದೇ ಹೊತ್ತಿಗೆ, ಹುಚ್ಚರಾಯಪ್ಪ ಬಿಸಿಲಿಗೆ ಎಳೆದಿದ್ದ.

"ನೀರು ಕೊಡೇ," ಎಂದು ಹೆಂಡತಿಗೆ ಕೂಗಿದ. ಹನುಮಮ್ಮ ಕೊಡ ಹೊತ್ತು ತಂದಳು. ಯಾರೂ ಮುಟ್ಟಲಿಲ್ಲ. ಸಾವಿನ ಮನೆಯಲ್ಲಿ ನೀರು ಮುಟ್ಟುವ ಪದ್ಧತಿ ಇಲ್ಲ. ಹೆಣ ಹೋಗಬೇಕು, ಸ್ನಾನವಾಗಬೇಕು, ಆಮೇಲೆ ತುಟಿಗೆ ನೀರು.

"ಸತ್ತಿಲ್ಲ, ಅವ್ವ ಸತ್ತಿಲ್ಲ," ಎಂದ ಹುಚ್ಚರಾಯಪ್ಪ.

"ಹೌದಪ್ಪ, ಅಂಥೋರು ಸಾಯಲ್ಲ," ಎಂದು ಕಟ್ಟೆಯ ಮುದುಕ ಅವನ ತಲೆ ಸವರಿದ. "ನಮ್ಮ ಮನಸ್ಸಲ್ಲಿ ಇರ್ತಾರೆ."

ಕೊನೆಗೆ ಹನುಮಮ್ಮ ಅತ್ತೆಯನ್ನೇ ಕೈಹಿಡಿದು ಕರೆತಂದು ಬಾಗಿಲಲ್ಲಿ ಕೂರಿಸಿದಳು. ಕೊರಳಲ್ಲಿ ಹಾರ ಇನ್ನೂ ಇತ್ತು. ಒಬ್ಬ ಮುದುಕಿ ಚೀರಿದಳು, ಇನ್ನೊಬ್ಬಳು ಹತ್ತಿರ ಬಂದು ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು.

"ಉಸಿರಾಡ್ತಿದೀನಿ ಕಣ್ರೇ," ಎಂದಳು ಗುತ್ಯಮ್ಮ. "ನೀರು ಕುಡೀರಿ. ನಾನು ಸತ್ತಾಗ ಬಿಟ್ರಾಯ್ತು."

ಅಂಗಳದಲ್ಲಿ ಅಳು, ನಗು, ಬೈಗುಳ ಎಲ್ಲ ಒಟ್ಟಿಗೆ ಎದ್ದವು. ಆ ಗದ್ದಲದಲ್ಲೇ ಶಿಕಾರಿಪುರದ ಬಸ್ಸಿನಿಂದ ಇಳಿದು ತುಂಗಮ್ಮ ಬಂದಳು. ಗುತ್ಯಮ್ಮನ ಒಡಹುಟ್ಟಿದ ತಂಗಿ, ಹಿಂದೆ ಮಗ ಮಾಲತೇಶ್. ಸುದ್ದಿ ಕೇಳಿದ ಗಳಿಗೆಯಿಂದ ಅವಳು ಬಾಯಿಗೆ ಒಂದು ಹನಿ ಹಾಕಿರಲಿಲ್ಲ. ಜನರ ನಡುವಿಂದ ಅವಳಿಗೆ ಕಂಡದ್ದು ಅಕ್ಕನಲ್ಲ, ಬಿದಿರು ಮತ್ತು ಮಡಕೆ. "ಅಕ್ಕಾ" ಎಂದವಳು ನಿಂತಲ್ಲೇ ಕುಸಿದಳು.

ಗದ್ದಲ ನಿಂತಿತು.

ಹುಚ್ಚರಾಯಪ್ಪ ಓಡಿ ಹೋಗಿ ನೋಡಿದ. ಮುಖ ಬಿಳಿಚಿತ್ತು, ಮೈಯೆಲ್ಲ ಬೆವರಿನ ಅಂಟು. ಕರೆದರೆ ಮಾತಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿದವನು, ಇವನಿಗೆ ಗೊತ್ತಿರುತ್ತದೆ. ಹುಚ್ಚರಾಯಪ್ಪ ನೆನಪಿಸಿಕೊಂಡ. ಒಳ್ಳೆಯ ಪ್ರಶ್ನೆ ಎಂದರು, ಎಲ್ಲರೂ ತಿರುಗಿ ನೋಡಿದರು, ಆಮೇಲೆ? ಆಮೇಲೆ ಟವೆಲ್ಲು. ಅದರಾಚೆ ಏನೂ ಇರಲಿಲ್ಲ.

"ನಂಗೆ ಗೊತ್ತಿಲ್ಲ," ಎಂದ. "ಮಾಲತೇಶ, ನೂರೆಂಟಕ್ಕೆ ಮಾಡು."

ಫೋನಿನಲ್ಲಿ ಕೇಳಿದ್ದನ್ನು ಮಾಲತೇಶ್ ಗಟ್ಟಿಯಾಗಿ ಹೇಳುತ್ತ ಹೋದ. ನೆರಳಿಗೆ ಒಯ್ಯಿರಿ. ಅಂಗಾತ ಮಲಗಿಸಿ, ಕಾಲು ಎತ್ತರಿಸಿ. ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಬೀಸಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬೇಡಿ.

ಒಯ್ಯುವುದು ಹೇಗೆ ಎಂದು ಜನ ಅತ್ತಿತ್ತ ನೋಡಿದರು. ಇಸ್ಪೀಟಿನ ಗುಂಪಿನವನೊಬ್ಬ ಒಳ್ಳೆಯ ಉದ್ದೇಶದಿಂದಲೇ, "ಬಿದಿರು ಹೆಂಗೂ ಐತಲ್ಲ, ಎರಡಕ್ಕೂ ಬಟ್ಟೆ ಕಟ್ಟಿದ್ರೆ..." ಎಂದ.

ತುಂಗಮ್ಮನ ಒಂದು ಕಣ್ಣು ತೆರೆಯಿತು.

"ಅದರ ಮ್ಯಾಲೆ ಹಾಕಿದ್ರಂದ್ರ ಒಬ್ಬೊಬ್ಬರನ್ನ ನೋಡ್ಕೊಂತೀನಿ," ಎಂದಳು.

"ಮಾತಾಡ್ತಾ ಇದಾರಾ?" ಎಂದು ಫೋನಿನವರು ಕೇಳಿದರು.

"ಬೈಯಾಕತ್ತಾರ್ರಿ," ಎಂದ ಮಾಲತೇಶ್.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಒಳಗೆ ಎತ್ತಿಕೊಂಡು ಹೋದರು. ಗುತ್ಯಮ್ಮ ತನ್ನ ಮೈಮೇಲಿದ್ದ ಬಿಳಿ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಹರಿದು ತಂಗಿಯ ಕುತ್ತಿಗೆಗೆ, ಕಂಕುಳಿಗೆ ಇಟ್ಟಳು. ಹೊಸ ಮಡಕೆಗೆ ನೀರು ಬಿತ್ತು. ಮಲ್ಲಿಕಾರ್ಜುನಪ್ಪ ಮೊರ ಹಿಡಿದು ಗಾಳಿ ಬೀಸಿದ. ಅವನ ಅಧಿಕಾರಾವಧಿಯಲ್ಲಿ ಊರಿಗೆ ಪ್ರಯೋಜನವಾದ ಕೆಲಸಗಳಲ್ಲಿ ಇದನ್ನೂ ಸೇರಿಸಬೇಕು. ಉಳಿದ ಮುದುಕ ಮುದುಕಿಯರನ್ನೆಲ್ಲ ಒಳಗೆ ಕರೆದು, ನಡುಮನೆ, ಪಡಸಾಲೆ, ಅಡುಗೆಮನೆಯವರೆಗೂ ಕೂರಿಸಿ, ಹನುಮಮ್ಮ ಉಪ್ಪು ಹಾಕಿದ ಮಜ್ಜಿಗೆ ಹಂಚಿದಳು.

ಆಂಬುಲೆನ್ಸಿನಲ್ಲಿ ಬಂದ ನರ್ಸ್ ತುಂಗಮ್ಮನ ನಾಡಿ, ರಕ್ತದೊತ್ತಡ ನೋಡಿ, ಸಕ್ಕರೆ ಉಪ್ಪಿನ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಇನ್ನೊಂದಿಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದರೆ ಮಾತು ಬೇರೆ ಇರುತ್ತಿತ್ತು ಎಂದಳು. ಸಂಜೆಯವರೆಗೆ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡೋಣ ಎಂದಳು. ಹೊರಡುವ ಮೊದಲು ಕೇಳಿದಳು:

"ಅಜ್ಜಿ, ಬೆಳಗ್ಗೆಯಿಂ‍ದ ಎಷ್ಟು ಸಲ ಒಂದಕ್ಕೆ ಹೋಗಿದ್ರಿ?"

ನಡುಮನೆಯ ಗಂಡಸರೆಲ್ಲ ಸೂರಿನ ಜಂತಿ ನೋಡತೊಡಗಿದರು.

"ಒಂದ್ಸಲಾನೂ ಇಲ್ಲ," ಎಂದಳು ತುಂಗಮ್ಮ. "ಬಸ್ಸಿನಾಗ ಎಲ್ಲಿ ಹೋಗ್ಲವ್ವ? ಊರಿಗೆ ಹೊಂಟ ದಿನ ನಾ ನೀರ ಕುಡಿಯಂಗಿಲ್ಲ. ಸಾವಿನ ಮನಿ ಇಲ್ದಿದ್ರೂ ಕುಡಿಯಂಗಿಲ್ಲ."

"ಅದೇನ್ ದೊಡ್ಡ ವಿಷಯ?" ಎಂದಳು ಪಕ್ಕದಲ್ಲಿ ಕುಳಿತ ಗುತ್ಯಮ್ಮ. "ನಾನು ಮನೇಲಿದ್ರೂ ಕುಡಿಯಲ್ಲ."

ಆ ಮಾತು ಬಾಯಿ ತಪ್ಪಿ ಬಂದದ್ದು. ಹುಚ್ಚರಾಯಪ್ಪ ತಿರುಗಿದ.

"ಚೊಂಬು ಖಾಲಿ ಆಗ್ತಿತ್ತಲ್ಲವ್ವ?"

ಗುತ್ಯಮ್ಮನ ಕಣ್ಣು ಒಂದು ಗಳಿಗೆ ಕಿಟಕಿಯ ಕಡೆ ಹೋಗಿ ಬಂತು. ಎಲ್ಲರೂ ಕಿಟಕಿ ನೋಡಿದರು. ಗೋಣಿ ತಾಟಿನ ಪಕ್ಕದಿಂದ ಬಸಳೆಯ ಕೊಡಿಯೊಂದು, ಹಸಿರು ತುಳುಕುತ್ತ, ಒಳಗೇ ಇಣುಕುತ್ತಿತ್ತು. ಊರಿಗೆಲ್ಲ ವಿವರಿಸಿದ ಗೋಡೆಯ ತಂಪಿನ ಸಿದ್ಧಾಂತ ಅಲ್ಲಿಗೆ ಮುಗಿಯಿತು.

"ಯಾಕವ್ವ ಕುಡಿಯಲ್ಲ?"

"ಈಗ ಕೇಳ್ದೆ ನೋಡು," ಎಂದಳು ಗುತ್ಯಮ್ಮ. ದನಿಯಲ್ಲಿ ಕೋಪ ಇರಲಿಲ್ಲ. "ಕುಡಿ ಕುಡಿ ಅಂತ ದಿನಕ್ಕೆ ಹತ್ತು ಸಲ ಹೇಳ್ತಿ. ಕುಡಿದ್ರೆ ಹೋಗ್ಬೇಕಲ್ಲೋ. ಪಾಯಖಾನೆ ಎಲ್ಲೈತೆ? ಹಿತ್ತಲ ಕೊನೆಗೆ. ಹಾಸುಗಲ್ಲು ಕಾದು ಕೆಂಡ ಆಗಿರ್ತಾವೆ, ಕಾಲಿಡಕ್ಕಾಗಲ್ಲ. ಆ ಮೆಟ್ಲು ಹತ್ತಕ್ಕೆ ಹಿಡಕಣಕೆ ಏನೂ ಇಲ್ಲ. ಹೋದ ತಿಂಗಳು ಬಿದ್ದಿದ್ದೆ, ಹೇಳ್ಲಿಲ್ಲ. ಹನುಮವ್ವನ್ನ ಕರೀಬೇಕು. ಅವಳು ಹೊಲದ ಕೆಲಸ ಬಿಟ್ಟು ಎಷ್ಟು ಸಲ ಬರ್ತಾಳೆ? ನೀನು ಮನೆ ಮುಂದೆಲ್ಲ ಚಪ್ಪರ ಹಾಕ್ತಿ. ಮುಂದೆ ನಂಗೇನು ಕೆಲಸ?"

ಅಲ್ಲಿ ಕುಳಿತ ಮುದುಕಿಯರಲ್ಲಿ ಒಬ್ಬಳು ಮಜ್ಜಿಗೆಯ ಲೋಟ ಮೆಲ್ಲಗೆ ಪಕ್ಕಕ್ಕೆ ಸರಿಸಿದ್ದಳು. ಅವಳ ಸೊಸೆ ಅದನ್ನು ಆಗ ಗಮನಿಸಿದಳು.

ಮೊರ ಕೆಳಗಿಟ್ಟು ಮಲ್ಲಿಕಾರ್ಜುನಪ್ಪ ಹೇಳಿದ, "ಡಾಕ್ಟ್ರು ಇದನ್ನೇ ಹೇಳಿದ್ರಲ್ಲೋ. ವಯಸ್ಸಾದೋರು ನೀರು ಯಾಕೆ ಕುಡಿಯಲ್ಲ ಅಂತ ಮನೇಲಿ ಕೂತು ಕೇಳ್ರಿ ಅಂತ. ನಿನ್ನ ಪ್ರಶ್ನೆ ಆದ್ಮೇಲೇ ಹೇಳಿದ್ದು."

"ನೀನು ಕೇಳಿಸ್ಕಂಡಿದ್ಯಾ?"

"ಕೇಳಿಸ್ಕಂಡಿದ್ದೆ."

"ಮತ್ತೆ ನಿಮ್ಮನೇಲಿ ಕೇಳಿದ್ಯಾ?"

ಮಲ್ಲಿಕಾರ್ಜುನಪ್ಪ ಮೊರ ಎತ್ತಿಕೊಂಡು ಮತ್ತೆ ಗಾಳಿ ಬೀಸತೊಡಗಿದ.

ಬಂದವರನ್ನು ಬಿಸಿಲು ಇಳಿಯುವ ತನಕ ಹನುಮಮ್ಮ ಕಳಿಸಲಿಲ್ಲ. ಇಸ್ಪೀಟಿನವರು ಜೇಬಿನ ಎಲೆ ತೆಗೆದು ಪಡಸಾಲೆಯಲ್ಲೇ ಆಟ ಮುಂದುವರಿಸಿದರು. ಸಂಜೆ ತುಂಗಮ್ಮ ಆಸ್ಪತ್ರೆಯಿಂದ ಹಿಂದಿರುಗಿ ಅಕ್ಕನ ಪಕ್ಕ ಮಲಗಿದಳು. "ನಿಂಗೆ ಹಾಕಿದ ಹಾರ ಎಲ್ಲೈತಿ? ದುಡ್ಡು ಕೊಟ್ಟು ತಂದದ್ದು, ಬಿಸಾಕಬ್ಯಾಡ," ಎಂದಳಂತೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹುಚ್ಚರಾಯಪ್ಪ ಹಿತ್ತಲಲ್ಲಿದ್ದ. ಮುಂದಿನ ಅಂಗಳಕ್ಕೆಂದು ಇಟ್ಟಿದ್ದ ಅಡಿಕೆ ದಬ್ಬೆಗಳನ್ನು ಹಿಂಬಾಗಿಲಿನಿಂದ ಪಾಯಖಾನೆಯವರೆಗೆ ನೆಟ್ಟು, ಮೇಲೆ ತೆಂಗಿನ ಗರಿ ಹೊದಿಸಿದ. ಎತ್ತರದ ಮೆಟ್ಟಿಲಿನ ಮುಂದೆ ಕಲ್ಲು ಮಣ್ಣು ಹಾಕಿ ಇಳಿಜಾರು ಮಾಡಿದ. ಎರಡು ಬಿದಿರನ್ನು ಗಿಣ್ಣು ಕೆತ್ತಿ, ಕೈಗೆ ಸಿಬಿರು ತಾಗದಂತೆ ಉಜ್ಜಿ, ದಾರಿಯ ಎರಡೂ ಬದಿಗೆ ಸೊಂಟದೆತ್ತರಕ್ಕೆ ಕಟ್ಟಿದ. ಗೋಪಾಲಪ್ಪನಿಗೆ ಫೋನು ಮಾಡಿ ಇನ್ನೆರಡು ಬಿದಿರು ಬೇಕೆಂದಾಗ ಆ ಕಡೆಯಿಂದ, "ಈಗ ಯಾರಣ್ಣ?" ಎಂಬ ಪ್ರಶ್ನೆ ಬಂತು. ಹುಚ್ಚರಾಯಪ್ಪ ಬೇಗ ಬೇಗ ಚೌಕಾಸಿ ಶುರು ಮಾಡಿದ. ಗೋಪಾಲಪ್ಪನಿಗೆ ಜೀವ ಬಂತು.

ಗುತ್ಯಮ್ಮ ಎರಡು ಕೈಯಲ್ಲಿ ಎರಡು ಬಿದಿರು ಹಿಡಿದು, ಯಾರನ್ನೂ ಕರೆಯದೆ, ನೆರಳಿನಲ್ಲಿ ಹೋಗಿ ಬಂದಳು. ಬಂದವಳು ಹಿಂಬಾಗಿಲಲ್ಲಿ ನಿಂತು ಬಿದಿರನ್ನು ಅಲ್ಲಾಡಿಸಿ ನೋಡಿದಳು. ಅದು ಅಲುಗಲಿಲ್ಲ.

"ಗಟ್ಟಿ ಕಟ್ಟಿದೀಯ," ಎಂದಳು. "ನಾನು ಹೋದಾಗ ಇದನ್ನ ಬಿಚ್ಚಕ್ಕೆ ಹೋಗ್ಬ್ಯಾಡ. ಹೊಸಾದು ತಗಾ. ಆಮೇಲೆ ಹನುಮವ್ವಂಗೆ ಬೇಕಾಗ್ತದೆ, ನಿಂಗೂ ಬೇಕಾಗ್ತದೆ."

ಅದರ ಮಾರನೆಯ ವಾರವೂ ಬಿಸಿಲು ಇಳಿಯಲಿಲ್ಲ. ಒಂದು ಮಧ್ಯಾಹ್ನ ಹುಚ್ಚರಾಯಪ್ಪ ಮಡಕೆಯಿಂದ ನೀರು ತುಂಬಿ ತಾಯಿಯ ಹತ್ತಿರ ಇಟ್ಟ. "ಕುಡಿ" ಎನ್ನಲಿಲ್ಲ. ಆಮೇಲೆ ಬಂದು ನೋಡಿದಾಗ ಚೊಂಬು ಖಾಲಿಯಾಗಿತ್ತು. ಆತನಿಗೆ ಹಳೆಯ ಸಂಶಯ. ಹೊರಗೆ ಸುತ್ತಿ ಬಂದು ಕಿಟಕಿಯ ಕೆಳಗೆ ನೋಡಿದ.

ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಬಸಳೆ ತಲೆ ಬಾಗಿಸಿ, ಎಲೆ ಸುಕ್ಕಾಗಿ, ಊರಿನ ಉಳಿದೆಲ್ಲ ಬಸಳೆಗಳ ಹಾಗೆ ಬಾಡಿತ್ತು.

ಹುಚ್ಚರಾಯಪ್ಪ ಬಿಸಿಲಲ್ಲಿ ನಿಂತು ಅದನ್ನು ತುಂಬ ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ, ಅದಕ್ಕೆಂದೇ ಇನ್ನೊಂದು ಚೊಂಬು ನೀರು ತಂದ.